ಅಂಗುಳ ಮುಚ್ಚುವುದೂ ಚಿಕಿತ್ಸೆಯೇ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ನೆಲೆಸಿರುವ ನಮ್ಮವರಿರಲಿ, ಕರಾವಳಿಯವರಿರಲಿ, ಬಾಯಿ ಕ್ಯಾನ್ಸರ್ ಎಂದ ಕೂಡಲೇ ಕೇಳುವುದು ಒಂದೇ ಮಾತು: "ಹೊಗೆಸೊಪ್ಪು ಹಾಕ್ತಿದ್ರಾ?" ಎಲೆಯಡಿಕೆ, ಗುಟ್ಕಾ ಮುಟ್ಟದವರಿಗೂ ಬರುವ ಒಂದು ಬಗೆಯಿದೆ. ನಮ್ಮ ಬಾಯಿಯೊಳಗೆ ನೂರಾರು ಸಣ್ಣ ಜೊಲ್ಲುಗ್ರಂಥಿಗಳಿವೆ. ಅವುಗಳ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗುಳದಲ್ಲಿ. ಗಂಟು ಬಹಳ ಸಲ ನೋಯುವುದೇ ಇಲ್ಲ. ನೋವಿಲ್ಲವಲ್ಲ ಎಂದು "ನೋಂಬು ಕಳೀಲಿ, ಮದುವೆ ಮುಗೀಲಿ" ಅಂತ ನಾವು ದಿನ ದೂಡುತ್ತೇವೆ. ಅಂಗುಳದ ಎಲ್ಲ ಉಬ್ಬೂ ಕ್ಯಾನ್ಸರ್ ಅಲ್ಲ, ನಿಜ. ಆದರೆ ಅದನ್ನು ಹೇಳಬೇಕಾದವರು ವೈದ್ಯರು. ಎರಡು ಮೂರು ವಾರವಾದರೂ ಇಳಿಯದ ಗಂಟನ್ನು ತೋರಿಸಲೇಬೇಕು.

ಇದಕ್ಕೆ ಮುಖ್ಯ ಚಿಕಿತ್ಸೆ ಆಪರೇಷನ್. ಗಂಟಿನ ಜೊತೆ ಸುತ್ತಲಿನ ಭಾಗವನ್ನೂ, ಬೇಕಾದರೆ ಮೇಲ್ದವಡೆಯ ಎಲುಬನ್ನೂ ತೆಗೆಯುತ್ತಾರೆ. ಅಡಿನಾಯ್ಡ್ ಸಿಸ್ಟಿಕ್ ಎಂಬ ಬಗೆ ನರಗಳ ಗುಂಟ ಹರಡುತ್ತದೆ, ಹಾಗಾಗಿ ಸಾಮಾನ್ಯವಾಗಿ ವಿಕಿರಣವನ್ನೂ ಕೊಡುತ್ತಾರೆ. ಹತ್ತು ವರ್ಷದ ಮೇಲೂ ಅದು ಮರಳಬಹುದು, ತಪಾಸಣೆ ಬಿಡಬಾರದು.

ಆಪರೇಷನ್‌ವರೆಗೆ ಜಮಾಅತ್ ಜೊತೆಗಿರುತ್ತದೆ, ನಾಲ್ಕು ಜನ ಕೈ ಸೇರಿಸುತ್ತಾರೆ. ಆಮೇಲಿನ ಕಷ್ಟ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಂಗುಳದಲ್ಲಿ ತೂತು ಉಳಿದರೆ ಕುಡಿದ ಎಳನೀರು ಮೂಗಿನಲ್ಲಿ ಇಳಿಯುತ್ತದೆ. ಮಾತು ಮೂಗಿನಿಂದ ಹೊರಡುತ್ತದೆ. ವುಳೂ ಮಾಡುವಾಗ ಬಾಯಿ ಮುಕ್ಕಳಿಸುವುದೂ ಕಷ್ಟ. ಖುರ್‌ಆನ್ ಓದುವಾಗ ಅಕ್ಷರ ಸರಿಯಾಗಿ ಬರುವುದಿಲ್ಲ. ಇಂಥವರು ಮದುವೆ ಊಟ ಬಿಡುತ್ತಾರೆ, ನಾಲ್ಕು ಜನರ ಮುಂದೆ ಬಾಯಿ ತೆರೆಯುವುದನ್ನೇ ಬಿಡುತ್ತಾರೆ. "ಜೀವ ಉಳೀತಲ್ಲ, ಇನ್ನು ಚಂದಕ್ಕೆ ಯಾಕೆ ಖರ್ಚು?" ಎಂದು ಅವರ ಮುಂದೆ ಹೇಳುವುದು ಸರಿಯಲ್ಲ. ಉಣ್ಣುವುದು, ಮಾತಾಡುವುದು ಚಂದದ ವಿಷಯವಲ್ಲ.

ತೂತು ಮುಚ್ಚಲು ಎರಡು ದಾರಿಗಳಿವೆ. ಒಂದು, ಹಲ್ಲುಸೆಟ್ಟಿನಂತೆ ಹಾಕಿ ತೆಗೆಯುವ ಆಬ್ಟುರೇಟರ್ ಪ್ಲೇಟು. ಇನ್ನೊಂದು, ಮುಂಗೈ, ತೊಡೆ ಅಥವಾ ಕಾಲಿನಿಂದ ಚರ್ಮ, ಮಾಂಸ, ಬೇಕಾದರೆ ಎಲುಬನ್ನೂ ರಕ್ತನಾಳ ಸಮೇತ ತಂದು ಜೋಡಿಸುವುದು. ಯಾವುದು ಸರಿ ಎನ್ನುವುದು ತೂತಿನ ಗಾತ್ರ, ಜಾಗ, ಉಳಿದ ಹಲ್ಲುಗಳ ಮೇಲೆ ನಿಂತಿದೆ. ಪ್ಲೇಟಿಗೆ ಆಪರೇಷನ್‌ಗೆ ಮೊದಲೇ ಅಳತೆ ತೆಗೆಯುವುದು ಒಳ್ಳೆಯದು, ಗಾಯ ಮಾಗಿದಂತೆ ಅದನ್ನು ಬದಲಿಸಬೇಕಾಗುತ್ತದೆ. ಹಾಗಾಗಿ "ತೂತನ್ನು ಹೇಗೆ ಮುಚ್ಚುತ್ತೀರಿ?" ಎಂದು ಡಾಕ್ಟರನ್ನು ಮೊದಲೇ ಕೇಳಿ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ತಿಪಟೂರಿನಿಂದ ರೈಲಿನಲ್ಲೇ ಬೆಂಗಳೂರು ಮುಟ್ಟಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅದರಲ್ಲಿ ಏನೇನು ಸೇರುತ್ತದೆ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ವಿಕಿರಣಕ್ಕೆ ಸಾಮಾನ್ಯವಾಗಿ ಆರು ವಾರ ಬೇಕು. ಅಷ್ಟು ದಿನದ ರೂಮು ಬಾಡಿಗೆ, ಊಟ, ಓಡಾಟ, ಆಮೇಲಿನ ಪ್ಲೇಟು, ಮಾತಿನ ತರಬೇತಿ ಇವುಗಳ ಭಾರ ಮನೆಯವರ ಮೇಲೇ ಬೀಳಬಾರದು. ಜಮಾಅತ್‌ಗಳು ರೋಗಿಗೆ ನೆರವು ಗೊತ್ತುಮಾಡುವಾಗ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ. ಝಕಾತಿಗೆ ಅರ್ಹರಾದವರಿಗೆ ಅದರಿಂದಲೂ ಕೊಡೋಣ. ಆಪರೇಷನ್ ಆದವರು ಎಲ್ಲರ ಜೊತೆ ಕೂತು ಉಣ್ಣುವ ತನಕ ನಮ್ಮ ಹೊಣೆ ಮುಗಿಯುವುದಿಲ್ಲ.