ಅಂಗೈಗೆ ಎಟಕುವ ನಾದ

ಸಂಗೀತವು ಕಿವಿಗೆ ಮಾತ್ರ ಸೇರಿದ್ದೆಂಬುದನ್ನು ನಾವು ಪ್ರಶ್ನಿಸುವುದೇ ಇಲ್ಲ. ಆದುದರಿಂದಲೇ ಶಾಲಾ ಮಕ್ಕಳನ್ನು ಸಂಗೀತದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವಾಗ ಶ್ರವಣದೋಷವುಳ್ಳ ಮಕ್ಕಳನ್ನು ಕೈಬಿಡುವುದು ಯಾರಿಗೂ ಅನ್ಯಾಯವೆನಿಸುವುದಿಲ್ಲ.

ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ವಸ್ತುಸಂಗ್ರಹಾಲಯವು ಈ ನಂಬಿಕೆಯನ್ನು ಒರೆಗೆ ಹಚ್ಚಲು ತಕ್ಕ ತಾಣ. ಅಲ್ಲಿನ ನಾದೋದ್ಯಾನದ ವಾದ್ಯಗಳನ್ನು ಬಂದವರೇ ಮುಟ್ಟಿ ನುಡಿಸಬಹುದು. ನಾದವು ಮೂಲತಃ ಕಂಪನ. ಸೆಕೆಂಡಿಗೆ ಸುಮಾರು 250 ಕಂಪನಗಳಿಗೆ ನಮ್ಮ ಚರ್ಮ ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ಸಾವಿರ ದಾಟಿದರೆ ಅದಕ್ಕೆ ತಿಳಿಯುವುದು ಅಲ್ಪ. ಹೀಗಾಗಿ ಡೊಳ್ಳು, ರವೆಯ ಕಣಕ ಹಚ್ಚಿದ ಮೃದಂಗದ ಎಡಮುಖ, ತಂಬೂರಿಯ ಮಂದ್ರ ತಂತಿ ಅಂಗೈಗೆ ಎಟಕುತ್ತವೆ. ಕೊಳಲಿನ ತಾರಸ್ಥಾಯಿ ಎಟಕದು. ಹನ್ನೆರಡರ ವಯಸ್ಸಿಗೇ ಶ್ರವಣಶಕ್ತಿಯನ್ನು ಬಹುಪಾಲು ಕಳೆದುಕೊಂಡ ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಇವೆಲಿನ್ ಗ್ಲೆನಿ ಬರಿಗಾಲಿನಲ್ಲಿ ನಿಂತು ನುಡಿಸುವುದು ಇದೇ ಕಾರಣಕ್ಕೆ.

ಕಿವಿ ಕೇಳುವ ಮಗುವೊಂದು ಡೊಳ್ಳು ಬಾರಿಸಿ, ಕೇಳದ ಮಗು ಮುಚ್ಚಿಗೆಯ ಅಂಚಿಗೆ ಕೈಯಿಟ್ಟು ಪೆಟ್ಟುಗಳನ್ನು ಎಣಿಸಿದರೆ, ಮರುಗಳಿಗೆಯೇ ಇಬ್ಬರಿಗೂ ಮಾತು ಬೇಕಾಗುತ್ತದೆ. ‘ತಾಳ’ಕ್ಕೆ ಸಂಜ್ಞೆ ಯಾವುದು? ಅಲ್ಲಿ ಗುರು ಎರಡನೆಯ ಮಗುವೇ. ಅನುಕಂಪಕ್ಕೆ ಆಗ ಎಡೆಯಿಲ್ಲ. ಕಿವುಡ ಮಕ್ಕಳನ್ನು ಕೇಳುವವರಂತೆ ಮಾಡಲು ಸಂಗೀತವನ್ನು ಪರೀಕ್ಷೆಯಾಗಿಸುವುದೂ ಸಲ್ಲದು; ಬೇಡವೆನ್ನುವ ಮಗುವಿಗೆ ಬೇಡ.

ಕಾನೂನಿಗೆ ಕೊರತೆಯಿಲ್ಲ. ಕಲೆ ಎಲ್ಲರಿಗೂ ಎಟಕಬೇಕು, ಕಲಾಪಾಠಗಳನ್ನು ಮರುರೂಪಿಸಬೇಕು ಎಂದು ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 29ನೆಯ ವಿಧಿ ಹೇಳುತ್ತದೆ. ಭಾರತೀಯ ಸಂಜ್ಞಾ ಭಾಷೆಯನ್ನು ದೇಶದಾದ್ಯಂತ ಏಕರೂಪಗೊಳಿಸುವ ಮಾತು 2020ರ ಶಿಕ್ಷಣ ನೀತಿಯಲ್ಲಿದೆ. ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಯಾಗಿರದೆ ಕಡ್ಡಾಯವಾಗಿರಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ತೀರ್ಪಿತ್ತಿತು. ಆದರೆ ಇಳಿಜಾರು ಹಾದಿಯನ್ನು ಅಳೆದು ನೋಡಬಹುದು; ಸಂಜ್ಞಾ ದುಭಾಷಿಯಿಲ್ಲದ ಗೈರುಹಾಜರಿಯನ್ನು ಅಳೆಯುವವರಾರು? ಡಿಸೆಂಬರ್ 3ರಂದು ಒಂದು ಭೇಟಿ, ಒಂದು ಬ್ಯಾನರು, ಒಂದು ಛಾಯಾಚಿತ್ರ. ಮುಂದಿನ ಡಿಸೆಂಬರಿನವರೆಗೆ ಮೌನ. ಎರಡು ಶಾಲೆಗಳ ಅದೇ ಮಕ್ಕಳು ವರ್ಷಕ್ಕೆ ನಾಲ್ಕೈದು ಬಾರಿಯಾದರೂ ಕೂಡದೆ ಸ್ನೇಹ ಹುಟ್ಟೀತೆಂದು ನಮಗೆ ಅನಿಸುವುದಿಲ್ಲ.

ಹೊರನಾಡ ಕನ್ನಡ ಸಂಘಗಳಾದ ನಾವು ಬೆಂಗಳೂರಿನತ್ತ ಬೆರಳು ತೋರಿ ಸುಮ್ಮನಿರುವಂತಿಲ್ಲ. ರಾಜ್ಯೋತ್ಸವಕ್ಕೆ ಊರಿನಿಂದ ಡೊಳ್ಳಿನ ತಂಡ ಕರೆಸುತ್ತೇವೆ. ಮುಂದಿನ ಸಾಲು ಗಣ್ಯರಿಗೆ ಮೀಸಲು. ಮರದ ಹಲಗೆಯ ವೇದಿಕೆಯ ಅಂಚಿನಲ್ಲಿ ಕುಳಿತರೆ ಡೊಳ್ಳಿನ ಪೆಟ್ಟು ಪಾದಕ್ಕೂ ಬೆನ್ನಿಗೂ ತಿಳಿಯುತ್ತದೆ. ನೆರೆಯ ಕಿವುಡರ ಶಾಲೆಯ ಮಕ್ಕಳಿಗೂ ನಮ್ಮ ಮಕ್ಕಳಿಗೂ ಅಲ್ಲಿ ಒಟ್ಟಿಗೆ ಚಾಪೆ ಹಾಸಬಹುದು, ಒಬ್ಬ ಸಂಜ್ಞಾ ದುಭಾಷಿಯನ್ನೂ ಕರೆಯಬಹುದು. ಹಾರ ತುರಾಯಿಗಳ ಖರ್ಚಿನಲ್ಲಿ ಅಷ್ಟನ್ನು ಉಳಿಸಲು ಕಾರ್ಯಕಾರಿ ಸಮಿತಿಗಳಿಗೆ ಕಷ್ಟವಾಗಲಾರದು.