ನೋಡಿದ್ದಕ್ಕೂ ಕೂಲಿ ಕೊಡಿ

ಬೆಂಗಳೂರಿನ ಹೊಸಹಳ್ಳಿ, ವಿಜಯನಗರ, ಕಾಮಾಕ್ಷಿಪಾಳ್ಯದ ಗ್ಯಾರೇಜುಗಳಿಗೆ ಹಳೆಯ ಆಟೊಮ್ಯಾಟಿಕ್ ಕಾರು ತಂದವರ ಕಿವಿಗೆ ಬೀಳುವ ಮಾತು ಹೆಚ್ಚುಕಮ್ಮಿ ಒಂದೇ: ‘ಬಾಕ್ಸ್ ಇಳಿಸ್ಬೇಕು ಸಾರ್.’ ಗೇರ್ ಬದಲಾಗುವಾಗ ಜಗ್ಗುತ್ತದೆ ಎಂದರೂ ಅದೇ. ಬೆಳಿಗ್ಗೆ ಡಿ-ಗೆ ಹಾಕಿದರೆ ಸುಮ್ಮನೆ ನಿಂತು, ಆಮೇಲೆ ಧಡ್ ಎಂದು ಎಳೆಯುತ್ತದೆ ಎಂದರೂ ಅದೇ. ಗೇರ್‌ಬಾಕ್ಸ್ ಇಳಿದ ಮೇಲೆ ಬಿಲ್ಲು ಎಷ್ಟಕ್ಕೆ ಹತ್ತುತ್ತದೆಂದು ಹೇಳುವುದು ಕಷ್ಟ. ಹನ್ನೆರಡು ವರ್ಷದ ಕಾರಿನ ಮಾರಾಟ ಬೆಲೆಯ ಹತ್ತಿರ ಹೋದರೂ ಆಶ್ಚರ್ಯವಿಲ್ಲ. ಮಾಲೀಕ ಲೆಕ್ಕ ಹಾಕಿ, ನಿಟ್ಟುಸಿರುಬಿಟ್ಟು, ಕಾರನ್ನು ಸಿಕ್ಕ ಬೆಲೆಗೆ ದಾಟಿಸುತ್ತಾನೆ.

ಇದಕ್ಕೆ ಮೆಕ್ಯಾನಿಕ್ ಒಬ್ಬನನ್ನೇ ದೂರುವುದು ಸುಲಭ, ಆದರೆ ನ್ಯಾಯವಲ್ಲ. ನಮ್ಮಲ್ಲಿ ಕೆಲಸಕ್ಕೆ ಕೂಲಿ ಇದೆ, ಸಾಮಾನಿಗೆ ಬೆಲೆ ಇದೆ, ಕಾಯಿಲೆ ಏನೆಂದು ಪತ್ತೆ ಹಚ್ಚಿದ್ದಕ್ಕೆ ಮಾತ್ರ ಏನೂ ಇಲ್ಲ. ‘ಬರೀ ನೋಡಿದ್ದಕ್ಕೂ ದುಡ್ಡಾ?’ ಎಂದು ಕೇಳುವವರು ನಾವೇ. ಒಂದು ಗಂಟೆ ಕೂತು ತಪ್ಪು ಕಂಡುಹಿಡಿದವನಿಗೆ ಸಿಗುವುದು ಒಂದು ಥ್ಯಾಂಕ್ಸ್, ಬಾಕ್ಸ್ ಬಿಚ್ಚಿದವನಿಗೆ ಸಿಗುವುದು ತಿಂಗಳ ಬಾಡಿಗೆ. ಡಾಕ್ಟರು ಬರೀ ನೋಡಿ ಚೀಟಿ ಬರೆದರೂ ಫೀಸು ಎಣಿಸುವ ಜನ ಗ್ಯಾರೇಜಿನಲ್ಲಿ ಯಾಕೆ ಹೀಗೆ ನಡೆದುಕೊಳ್ಳಬೇಕು?

ಪತ್ತೆ ಹಚ್ಚುವ ಕೆಲಸದಲ್ಲಿ ನಿಜಕ್ಕೂ ವಿದ್ಯೆ ಇದೆ. ಗಂಟೆಗೆ ಐವತ್ತು, ಅರವತ್ತು ಕಿಲೋಮೀಟರ್ ವೇಗದಲ್ಲಿ ಸಮನಾಗಿ ಹೋಗುವಾಗ ಕಾರು ಗಡಗಡ ನಡುಗುತ್ತದೆ ಎಂದಿಟ್ಟುಕೊಳ್ಳಿ. ತಪ್ಪು ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಎರಡನ್ನೂ ನೇರ ಬೆಸೆಯುವ ಲಾಕಪ್ ಕ್ಲಚ್‌ನದಿರಬಹುದು, ಸವೆದ ಸ್ಪಾರ್ಕ್ ಪ್ಲಗ್‌ನದೂ ಇರಬಹುದು. ಆಕ್ಸಲರೇಟರ್ ಹಾಗೇ ಇಟ್ಟು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಲಘುವಾಗಿ ಮುಟ್ಟಿದರೆ ಲಾಕಪ್ ಬಿಟ್ಟುಕೊಳ್ಳುತ್ತದೆ. ಆಗ ನಡುಕ ನಿಂತರೆ ಕನ್ವರ್ಟರ್ ಕಡೆ ನೋಡಬೇಕು, ನಿಲ್ಲದಿದ್ದರೆ ಪ್ಲಗ್, ಕಾಯಿಲ್ ಕಡೆ. ಹಿಂದೆ ಮುಂದೆ ಗಾಡಿ ಇಲ್ಲದ ರಸ್ತೆಯಲ್ಲಿ, ತಿಳಿದವರು ಮಾಡುವ ಈ ಪರೀಕ್ಷೆಗೆ ಒಂದು ಸ್ಪ್ಯಾನರ್ ಕೂಡ ಬೇಡ.

ಅಗ್ಗದ ಕಾರಣಗಳೇ ದುಬಾರಿ ಕಾಯಿಲೆಯ ವೇಷ ಹಾಕಿ ಬರುತ್ತವೆ. ಬ್ರೇಕ್ ಲೈಟ್ ಸ್ವಿಚ್ ಕೆಟ್ಟರೆ ಲಿವರ್ ಪಿ ಬಿಟ್ಟು ಕದಲದೇ ಇರಬಹುದು. ಬ್ಯಾಟರಿ ಟರ್ಮಿನಲ್ಲಿಗೆ ಕಿಲುಬು ಹಿಡಿದು ವೋಲ್ಟೇಜ್ ಇಳಿದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಹುಚ್ಚುಹುಚ್ಚಾಗಿ ಆಡುತ್ತದೆ. ಎಂಜಿನ್ ಮೌಂಟ್ ರಬ್ಬರ್ ಹರಿದಿದ್ದರೆ ಸರಿಯಾಗಿ ಬಿದ್ದ ಗೇರೂ ಗುದ್ದಿದಂತೆ ಕೇಳುತ್ತದೆ. ತೊಂಬತ್ತರ ದಶಕದ ಕಾರುಗಳಲ್ಲಿ ಕಿಕ್‌ಡೌನ್ ಕೇಬಲ್ ಸಡಿಲವಾಗಿದ್ದರೂ ಗೇರ್ ಬೀಳುವ ಹೊತ್ತು ತಪ್ಪುತ್ತದೆ. ಇವನ್ನೆಲ್ಲ ದಾಟಿದ ಮೇಲೆ ತಾನೇ ಬಾಕ್ಸಿನ ಮಾತು?

ಯಾವ ಬಾಕ್ಸು ಎನ್ನುವುದೂ ಮುಖ್ಯ. ಹಳೆಯ ಹ್ಯುಂಡೈ ಐ10ರ ನಾಲ್ಕು ಗೇರಿನದು ಟಾರ್ಕ್ ಕನ್ವರ್ಟರ್ ಇರುವ ಹೈಡ್ರಾಲಿಕ್ ಬಾಕ್ಸ್. ಹೋಂಡಾ ಸಿಟಿಯ ಸಿವಿಟಿಯಲ್ಲಿ ಬೆಲ್ಟು, ಪುಲ್ಲಿ. 2014ರಲ್ಲಿ ಮಾರುತಿ ಸೆಲೆರಿಯೊ ತಂದ ಎಎಂಟಿ ಎಂದರೆ ಮಾಮೂಲಿ ಗೇರು, ಮಾಮೂಲಿ ಕ್ಲಚ್ಚು. ಕ್ಲಚ್ ತುಳಿಯುವ ಕಾಲು, ಗೇರ್ ಹಾಕುವ ಕೈ ಮಾತ್ರ ಯಂತ್ರದ್ದು. ಅದು ಜಗ್ಗಿದರೆ ಕ್ಲಚ್ ಪ್ಲೇಟ್ ಸವೆದಿರಬಹುದು, ಆಕ್ಚುಯೇಟರ್ ಆಯಿಲ್ ಇಳಿದಿರಬಹುದು, ಪ್ಲೇಟ್ ಬದಲಿಸಿದವರು ಸ್ಕ್ಯಾನರ್ ಹಾಕಿ ಹೊಸ ಕ್ಲಚ್ಚಿನ ಅಳತೆ ಕಲಿಸದೇ ಬಿಟ್ಟಿರಬಹುದು. ಮೂರಕ್ಕೂ ಒಂದೇ ಮದ್ದು ಹೇಳುವವನ ಹತ್ತಿರ ಕಾರು ಬಿಡದಿರುವುದೇ ಲೇಸು.

ಇನ್ನು ಗೇರ್‌ಬಾಕ್ಸ್ ಆಯಿಲ್. ಅದಕ್ಕೆ ನಮ್ಮ ಟ್ರಾಫಿಕ್ಕೇ ಶತ್ರು. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಾಯಿತು. ವಿಜಯನಗರದ ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಸಂಜೆ ಆರಕ್ಕೆ ಸಿಕ್ಕಿಬಿದ್ದವರಿಗೆ ಈ ಅಂಕಿ ಉದಾರವಾಗಿಯೇ ಕಂಡೀತು. ನಿಂತು, ತೆವಳಿ, ಮತ್ತೆ ನಿಲ್ಲುವ ಈ ಓಟದಲ್ಲಿ ಟಾರ್ಕ್ ಕನ್ವರ್ಟರ್ ಒಳಗೆ ಆಯಿಲ್ ಕಡೆದುಕೊಂಡು ಕಾಯುತ್ತದೆ. ಕಾದಷ್ಟೂ ಅದರ ಆಯುಷ್ಯ ಕಡಿಮೆ, ಸೀಲ್ ರಬ್ಬರಿನ ಆಯುಷ್ಯವೂ ಕಡಿಮೆ. ಆದರೂ ಎಷ್ಟೋ ಕಾರು ಕಂಪನಿಗಳು ‘ಜೀವಮಾನದ ಆಯಿಲ್, ಬದಲಿಸಬೇಕಿಲ್ಲ’ ಎಂದು ಹೇಳಿಕೊಂಡು ಬಂದವು. ಅಂಥ ಹಲವು ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಮಾಡಿದವನ ಮಾತು ನಂಬಬೇಕೋ, ಮಾರಿದವನದೋ?

ಡಿಪ್‌ಸ್ಟಿಕ್ ಇರುವ ಕಾರುಗಳಲ್ಲಿ ಆಯಿಲ್ ನೋಡುವುದಕ್ಕೂ ಕ್ರಮವಿದೆ. ಬಹುಪಾಲು ಬಾಕ್ಸುಗಳಲ್ಲಿ ಆಯಿಲ್ ಬಿಸಿಯಾಗಿದ್ದು, ಎಂಜಿನ್ ಓಡುತ್ತಿರುವಾಗ ನೋಡಬೇಕು. ಹೋಂಡಾದ ಹಳೆಯ ಬಾಕ್ಸುಗಳಲ್ಲಿ ಎಂಜಿನ್ ಆರಿಸಿ ಒಂದೂವರೆ ನಿಮಿಷದೊಳಗೆ. ಕ್ರಮ ತಪ್ಪಿದರೆ ಸರಿಯಿದ್ದ ಮಟ್ಟವೂ ಕಡಿಮೆ ಎನಿಸಿ, ಮೇಲೆ ಸುರಿದು, ಹೊಸ ರೋಗ ತಂದಂತಾಗಬಹುದು. ಕೆಂಪಾಗಿದ್ದ ಆಯಿಲ್ ಕಂದಿದ್ದರೆ ಬದಲಿಸುವ ಹೊತ್ತು. ಕಪ್ಪಾಗಿ, ಸುಟ್ಟ ವಾಸನೆ ಹೊಡೆದು, ಆಯಿಲ್ ಪ್ಯಾನಿನಲ್ಲಿ ಲೋಹದ ಚೂರು ಸಿಕ್ಕರೆ ಮೆಕ್ಯಾನಿಕ್ ಹೇಳಿದ್ದು ನಿಜ, ಬಾಕ್ಸ್ ಇಳಿಯಲೇಬೇಕು.

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ತಮ್ಮ ದೋಷ ತಾವೇ ಗುರುತಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಹಾಗಾಗಿ ಈಗ ಹಳೆಯದೆನಿಸುವ ಕಾರಿನಲ್ಲೂ ಸ್ಟೇರಿಂಗ್ ಕೆಳಗೊಂದು ಸಾಕೆಟ್ ಇರುತ್ತದೆ. ಅಲ್ಲಿ ಅಗ್ಗದ ಸ್ಕ್ಯಾನರ್ ಚುಚ್ಚಿದಾಗ ಪಿ0700 ಎಂಬ ಕೋಡ್ ಬಂದೊಡನೆ ‘ಬಾಕ್ಸ್ ಹೋಯ್ತು’ ಎನ್ನುವವರಿದ್ದಾರೆ. ಆ ಕೋಡ್ ಹೇಳುವುದು ಇಷ್ಟೇ: ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಇನ್ನೊಂದು ಕೋಡ್ ಕೂತಿದೆ, ಅದನ್ನು ಓದಿ. ಆ ಇನ್ನೊಂದನ್ನು ಓದಲು ಕಂಪನಿಯ ಸಲಕರಣೆ, ಇಲ್ಲವೇ ಒಳ್ಳೆಯ ಸ್ಕ್ಯಾನರ್ ಬೇಕು. ಓದಿದ ಮೇಲೆ ಸರ್ವಿಸ್ ಮ್ಯಾನುಯಲ್ ಬೇಕು.

ಕಂಪನಿಗಳ ಪಾಲಿನ ತಪ್ಪು ಇಲ್ಲಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ತಪಾಸಣೆ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಟ್ಟುಕೊಂಡಿದ್ದೇ ಅಪರಾಧ. ಕಂಪನಿಗಳು ಮೇಲ್ಮನವಿಗೆ ಓಡಿದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ದುರಸ್ತಿ ಹಕ್ಕು’ ಪೋರ್ಟಲ್ ತೆರೆದು, ಅದರಲ್ಲಿ ವಾಹನಗಳನ್ನೂ ಸೇರಿಸಿತು. ಒಳ್ಳೆಯದೇ. ಆದರೆ ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡು ನಿಂತವನಿಗೆ ಬೇಕಾದ್ದು ಹತ್ತು ವರ್ಷದ ಹಿಂದಿನ ಮಾಡೆಲ್ಲಿನ ವೈರಿಂಗ್ ನಕ್ಷೆ. ಪೋರ್ಟಲ್ಲಿನ ಬಾಗಿಲು ಅಷ್ಟು ಒಳಗಿನ ತನಕ ತೆರೆಯಬೇಕು.

ಕಲಿಯುವವರಿಗೆ ಕೊರತೆಯಿಲ್ಲ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬಿಡದಿಗೆ ಹೋದರೆ 2007ರಿಂದ ನಡೆಯುತ್ತಿರುವ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯಿದೆ. ಹಳ್ಳಿಗಳಿಂದ ಬಂದ ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ಅಲ್ಲಿ ಕಾರಿನ ವಿದ್ಯೆ ಕಲಿಯುತ್ತಾರೆ. ಅಂಥ ಕೈಗಳು ಬೀದಿಯ ಗ್ಯಾರೇಜಿನಲ್ಲೂ ನಿಲ್ಲಬೇಕಾದರೆ ಪತ್ತೆಯ ಕೆಲಸಕ್ಕೆ ದರ ಬೇಕು. ಗೋಡೆಯ ಮೇಲೆ ‘ಎಸಿ ಗ್ಯಾಸ್, ವೀಲ್ ಅಲೈನ್‌ಮೆಂಟ್’ ಪಕ್ಕದಲ್ಲೇ ‘ಗೇರ್‌ಬಾಕ್ಸ್ ತಪಾಸಣೆ, ಇಷ್ಟು ರೂಪಾಯಿ’ ಎಂದು ಬರೆದಿರಬೇಕು. ಕೊಟ್ಟವರಿಗೆ ಚೀಟಿ ಸಿಗಬೇಕು: ಸಿಕ್ಕ ಕೋಡ್‌ಗಳು, ಆಯಿಲಿನ ಸ್ಥಿತಿ, ರಸ್ತೆ ಪರೀಕ್ಷೆಯಲ್ಲಿ ಕಂಡದ್ದು. ಅದನ್ನು ಹಿಡಿದು ಇನ್ನೊಂದು ಗ್ಯಾರೇಜಿನಲ್ಲಿ ಬೆಲೆ ಕೇಳಬಹುದು. ಕೆಲಸ ಕೆಟ್ಟರೆ, 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲೂ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಮಾತಾಡಲೂ ಕೈಯಲ್ಲಿ ಕಾಗದವಿರುತ್ತದೆ. ಬಾಯಿಮಾತಿನ ‘ಬಾಕ್ಸ್ ಇಳಿಸ್ಬೇಕು’ ಅಷ್ಟಕ್ಕೆಲ್ಲ ಸಾಲದು.