ತಮಟೆ ಕಾಸೋ ಕೈಗೆ ಡಿಜಿಟಲ್ ಪಾಠ

ನಮ್ ಕ್ಯಾಸಂಬಳ್ಳಿ ಕಡೆ ಮಕ್ಕಳು ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕೆಜಿಎಫ್ ಪೇಟೇಲಿ ತಮಿಳು ಆಡ್ಕೊಂಡು ಬೆಳೀತಾವೆ. ಮೂರೂ ಸಲೀಸು. ಇಂಜಿನಿಯರಿಂಗ್ ಸೇರಿ, ಮಾರಿಕುಪ್ಪಂ ರೈಲಲ್ಲಿ ಬೆಂಗಳೂರಿಗೆ ಓಡಾಡೋಕೆ ಶುರು ಮಾಡಿದ್ಮೇಲೆ ‘ಡಿಜಿಟಲ್ ಸಿಗ್ನಲ್’ ಪಾಠದ ಹತ್ರ ಬಾಯಿ ಕಟ್ಟೋಗತ್ತೆ. ಮೊದಲ ದಿನಾನೇ ಬೋರ್ಡ್ ತುಂಬ ಇಂಗ್ಲಿಷು, ಲೆಕ್ಕ. ನಮ್ ಬೀದಿ ಹುಡುಗಿಯೊಬ್ಬಳು ಈ ಒಂದು ಪೇಪರಿಗೆ ಹೆದರಿ ಓದೇ ಬಿಡ್ತೀನಿ ಅಂತ ಕೂತವ್ಳೆ. ಈ ಪಾಠವನ್ನ ಹಾಡು, ವಾದ್ಯದಿಂದ ಶುರು ಮಾಡ್ಬೇಕು ಅಂತೀನಿ ನಾನು. ಆದ್ರೆ ಯಾರ ಹಾಡು, ಯಾರ ವಾದ್ಯ? ಅದನ್ನೂ ಕೇಳ್ಬೇಕು ಕಣ್ರಮ್ಮ.

ಚುಕ್ಕಿ ರಂಗೋಲಿ ಇಡೋರಿಗೆ ಇದರಲ್ಲಿ ಅರ್ಧ ಗೊತ್ತೇ ಐತೆ. ದನಿ ಅಂದ್ರೆ ಎಳೆ. ಕಂಪ್ಯೂಟರ್ ಆ ಎಳೆ ಮೇಲೆ ಚುಕ್ಕಿ ಗುರುತು ಹಾಕ್ಕೊಳತ್ತೆ, ಆಮೇಲೆ ಸೇರಿಸತ್ತೆ. ಹಳೇ ಫೋನ್ ಕರೆಗೆ ಸೆಕೆಂಡಿಗೆ 8,000 ಚುಕ್ಕಿ, ಹಾಡಿನ ಸಿ.ಡಿ.ಗೆ 44,100. ಏನಕ್ಕೆ ಅಷ್ಟೊಂದು? ಸೆಕೆಂಡಿಗೆ ಸುಮಾರು 20,000 ಸಲ ಅದುರೋ ಕೀಚಲು ದನಿವರೆಗೂ ನಮ್ ಕಿವಿಗೆ ಕೇಳತ್ತೆ, ಅದರ ಎರಡರಷ್ಟಕ್ಕಿಂತ ಜಾಸ್ತಿ ಚುಕ್ಕಿ ಬೇಕು. ಕಮ್ಮಿ ಆದ್ರೆ ಬಳ್ಳಿ ಎಳೆಯೋಕೆ ಹೋಗಿ ಇನ್ನೇನೋ ಆಗತ್ತಲ್ಲ, ಹಂಗೇ ಇಲ್ದಿರೋ ಸ್ವರ ಹುಟ್ಕೊಳತ್ತೆ.

ತಮಟೇನೇ ತಗೊಳ್ಳಿ. ಬಾರಿಸೋಕೆ ಮುಂಚೆ ಬೆಂಕಿಗೆ ಕಾಸ್ತಾರೆ. ಚರ್ಮ ಬಿಗಿಯಾಗಿ ಬೇಗ ಬೇಗ ಅದುರತ್ತೆ, ದನಿ ಏರತ್ತೆ. ಪುಸ್ತಕದಲ್ಲಿರೋ ‘ಫ್ರೀಕ್ವೆನ್ಸಿ’ ಇದೇ. ಜಾತ್ರೇಲಿ ಅದನ್ನ ಹತ್ರ ನಿಂತು ಫೋನಲ್ಲಿ ರೆಕಾರ್ಡ್ ಮಾಡಿದ್ರೆ ಬರೀ ಗರಗರ. ಪಾವಿಗೆ ಒಂದು ಸೇರು ರಾಗಿ ಸುರಿದು ಮೇಲೆ ಸವರಿದಂಗೆ, ದನಿಯ ತುದಿಯೆಲ್ಲ ಕತ್ತರಿಸಿ ಹೋಗಿರತ್ತೆ. ‘ಕ್ಲಿಪ್ಪಿಂಗ್’ ಅಂತಾರೆ. ವಿಡಿಯೋ ಕಾಲಲ್ಲಿ ಭಜನೆ ಮಾಡಿದ್ರೆ ಶ್ರುತಿಪೆಟ್ಟಿಗೆ ಮಾಯ ಆಗೋದು ನೀವೂ ನೋಡಿರ್ತೀರ. ಒಂದೇ ಸಮ ಬರೋ ದನಿ, ಫ್ಯಾನಿನ ಸದ್ದಿರ್ಬೇಕು ಅಂತ ಯಂತ್ರ ಸೋಸಿ ಬಿಸಾಕತ್ತೆ!

ಇಷ್ಟಕ್ಕೆ ವೀಣೆ, ಪಿಯಾನೋನೇ ಬೇಕು ಅಂತ ಮೇಷ್ಟ್ರು ಹಟ ಹಿಡಿದ್ರೆ, ಸಂಗೀತದ ಕ್ಲಾಸಿಗೆ ದುಡ್ಡು ಕಟ್ಟಿದ ಮನೆ ಮಕ್ಕಳೇ ಮತ್ತೆ ಮುಂದೆ. ತಮಟೆ ಮನೆಯ ಮಗು ಅದನ್ನ ಕಾಲೇಜಲ್ಲಿ ಹೇಳ್ಕೊಳೋಕೂ ಅಂಜತ್ತೆ. ಏನಕ್ಕೆ ಅಂತ ನಮಗೆಲ್ಲ ಗೊತ್ತು, ಆ ಅಂಜಿಕೆ ಹುಟ್ಟಿಸಿದ್ದೂ ಊರೇ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೇ 2023ರಲ್ಲಿ ಪದ್ಮಶ್ರೀ ಬಂತು. ದೆಹಲಿಗೆ ಕೇಳಿಸಿದ್ದು ಪಾಠದ ಕೋಣೆಗೆ ಕೇಳಿಸಲ್ವ? ಒಬ್ಬ ತಮಟೆ ತರ್ಲಿ, ಒಬ್ಬಳು ಅಜ್ಜಿಯ ಸೋಬಾನೆ, ಇನ್ನೊಬ್ಬಳು ಚರ್ಚಿನ ಹಾಡು, ಮತ್ತೊಬ್ಬ ಉರುಸಿನ ಖವ್ವಾಲಿ. ಎಲ್ಲವೂ ಪರದೆ ಮೇಲೆ ಅಲೆಯಾಗೇ ಕಾಣತ್ತೆ.

ಲೆಕ್ಕ ಬ್ಯಾಡ ಅಂತಲ್ಲ. ಬೇಕೇ ಬೇಕು, ಪರೀಕ್ಷೇಲಿ ಕೇಳೋದೂ ಅದನ್ನೇ. ಕಿವಿ ಒಪ್ಪಿದ್ಮೇಲೆ ಬರ್ಲಿ ಅಷ್ಟೇ.

ಮೇಷ್ಟ್ರು ಮಾಡೋ ತನಕ ನಾವೇನು ಕಾಯ್ಬೇಕಾಗಿಲ್ಲ. ಕಂಪ್ಯೂಟರಿಗೆ ‘ಆಡಾಸಿಟಿ’ ಅಂತ ಪುಕ್ಸಟ್ಟೆ ಸಿಗತ್ತೆ. ರಜಕ್ಕೆ ಬಂದ ಮಕ್ಕಳ ಕೈಲಿ ಅತ್ತೆಯ ಸೋಬಾನೆ ರೆಕಾರ್ಡ್ ಮಾಡ್ಸಿ, ಚುಕ್ಕಿ ಕಮ್ಮಿ ಮಾಡ್ತಾ ಕೇಳಿ ಅನ್ನಿ. ಅತ್ತೆ ದನಿ ಯಾವಾಗ ಅತ್ತೇದಲ್ಲ ಅನ್ಸತ್ತೋ, ಅಲ್ಲಿ ಎಷ್ಟು ಚುಕ್ಕಿ ಇತ್ತು ಅಂತ ಬರ್ಕೊಳ್ಲಿ.